ತೆರೆದ ಹೃದಯದ ಶಸ್ತ್ರಚಿಕಿತ್ಸೆಯೂ ಅದರ ಅನಂತರದ ಆಯುಸ್ಸೂ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮನುಷ್ಯದೇಹದ ಮರ್ಮಸ್ಥಾನಗಳು 107 ಎಂದು ಹೇಳಿ, ಅವುಗಳಲ್ಲಿ ಹೃದಯವನ್ನು ಸದ್ಯಃಪ್ರಾಣಹರವೆಂಬ ವರ್ಗಕ್ಕೆ ಸೇರಿಸಿದೆ. ಈ ವರ್ಗದ ಮರ್ಮಕ್ಕೆ ಪೆಟ್ಟು ತಗುಲಿದವನು ಏಳು ರಾತ್ರಿಗಳೊಳಗಾಗಿ ಮೃತನಾಗುವನೆಂಬುದು ಆಚಾರ್ಯನ ನಿರ್ಣಯ. ಪಾಶ್ಚಾತ್ಯ ವೈದ್ಯರ ಅಭಿಪ್ರಾಯವೂ ಬಹುಕಾಲ ಇದಕ್ಕಿಂತ ಭಿನ್ನವಾಗಿರಲಿಲ್ಲ. ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯನು 1896ರಲ್ಲಿ ಹೊರತಂದ ಎದೆಯ ಶಸ್ತ್ರಚಿಕಿತ್ಸೆಯ ಗ್ರಂಥದಲ್ಲಿ, ಹೃದಯದ ಬಳಿಗೆ ಬಂದೊಡನೆ ಶಸ್ತ್ರವೈದ್ಯವು ಪ್ರಕೃತಿಯೇ ಹಾಕಿದ ಎಲ್ಲೆಯನ್ನು ಮುಟ್ಟಿದಂತಾಯಿತೆಂಬ ಅರ್ಥದ ಮಾತನ್ನು ಬರೆದನು. ಗ್ರಂಥವು ಪ್ರಕಟವಾದ ಅದೇ ವರ್ಷದ ಸೆಪ್ಟೆಂಬರ್ 9ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲುಡ್ವಿಗ್ ರೇನ್ ಎಂಬಾತನು ಚೂರಿಯಿಂದ ಇರಿತಗೊಂಡಿದ್ದ ಯುವಕನೊಬ್ಬನ ಹೃದಯಕ್ಕೆ ಹೊಲಿಗೆ ಹಾಕಿ ಅವನನ್ನು ಉಳಿಸಿಕೊಂಡುದು ಶಾಸ್ತ್ರಚರಿತ್ರೆಯಲ್ಲಿ ಆಗಾಗ ಕಾಣಬರುವ ವಿನೋದಗಳಲ್ಲೊಂದು.

ಹೃದಯದ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಬರೆದಿರುವವರು ಬಹುಮಂದಿ. ಆದರೆ ಅವರ ಬರಹಗಳು ಪ್ರಾಯಿಕವಾಗಿ ಶಸ್ತ್ರಕ್ರಿಯೆ ನಡೆದ ದಿನದಲ್ಲಿಯೇ ನಿಂತುಬಿಡುತ್ತವೆ. ಯಾರು ಮೊದಲು ಕತ್ತಿಯನ್ನು ಹಿಡಿದರು, ರೋಗಿಯು ಮೇಜಿನಿಂದ ಎದ್ದನೋ ಇಲ್ಲವೋ ಎಂಬಷ್ಟಕ್ಕೆ ಕಥೆ ಮುಗಿಯುತ್ತದೆ. ಎದ್ದವನು ಎಷ್ಟು ಕಾಲ ಬಾಳಿದನು, ಯಾವ ಸ್ಥಿತಿಯಲ್ಲಿ ಬಾಳಿದನು ಎಂಬ ಪ್ರಶ್ನೆಯು ಬೇರೆ; ಇದಕ್ಕೆ ಬೇಕಾದ ಆಧಾರಗಳೂ ಬೇರೆ. ಮೂವತ್ತು ವರ್ಷದ ಬದುಕನ್ನು ಅಳೆಯಬೇಕಾದರೆ ಮೂವತ್ತು ವರ್ಷ ಕಾಯಲೇಬೇಕಾಗುವುದರಿಂದ ಈ ಎರಡನೆಯ ಚರಿತ್ರೆಯು ಮೊದಲನೆಯದಕ್ಕಿಂತ ಒಂದು ತಲೆಮಾರಿನಷ್ಟು ಹಿಂದುಳಿದು ಬಂದಿದೆ. ಹಾಗೆ ಕಾದು ಬರೆದಿಟ್ಟ ಲೆಕ್ಕಗಳನ್ನು ಒಟ್ಟಿಗೆ ಇರಿಸಿ ನೋಡಿದರೆ, ಶಸ್ತ್ರಕ್ರಿಯೆಯ ದಿನವನ್ನು ದಾಟಿದ ರೋಗಿಯ ಆಯುಸ್ಸನ್ನು ನಿರ್ಣಯಿಸುವುದರಲ್ಲಿ ಆ ದಿನದ ಕೌಶಲಕ್ಕಿಂತ ಹೆಚ್ಚಿನ ಪಾಲು, ಹೃದಯವು ಯಾವ ಸ್ಥಿತಿಯಲ್ಲಿ ವೈದ್ಯನ ಕೈಗೆ ಬಂದಿತೆಂಬುದಕ್ಕೂ ಆ ದಿನ ಏನು ಉಳಿದುಹೋಯಿತೆಂಬುದಕ್ಕೂ ಸಲ್ಲುವುದು ಕಂಡುಬರುತ್ತದೆ.

ತೆರೆದ ಹೃದಯವೆಂಬ ಮಾತಿಗೆ ಇಲ್ಲಿ ನಿಯತವಾದ ಅರ್ಥವುಂಟು. ರೇನನು ಮಾಡಿದುದು ಹೊರಮೈಯ ಹೊಲಿಗೆ. ಹೃದಯದ ಒಳಗಿನ ಗೋಡೆಯನ್ನೋ ಕವಾಟವನ್ನೋ ಕಣ್ಣಾರೆ ಕಂಡು ಸರಿಪಡಿಸಬೇಕಾದರೆ ಅದರೊಳಗಣ ರಕ್ತವನ್ನು ಬರಿದು ಮಾಡಬೇಕು. ರಕ್ತಸಂಚಾರವು ನಿಂತರೆ ಮೆದುಳು ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ತಾಳಲಾರದು. ಈ ಇಕ್ಕಟ್ಟಿಗೆ ಮೂರು ಪರಿಹಾರಗಳು ಎರಡು ವರ್ಷಗಳ ಅಂತರದಲ್ಲಿ ಒದಗಿಬಂದುವು. ದೇಹವನ್ನು ತಣ್ಣಗಾಗಿಸಿದರೆ ಅದಕ್ಕೆ ಬೇಕಾಗುವ ಪ್ರಾಣವಾಯುವಿನ ಪ್ರಮಾಣವು ಕುಗ್ಗುವುದಷ್ಟೆ. ಈ ತತ್ತ್ವವನ್ನವಲಂಬಿಸಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಜಾನ್ ಲೂಯಿಸ್ ಅವರು 1952ರ ಸೆಪ್ಟೆಂಬರ್ 2ರಂದು ಐದು ವರ್ಷದ ಹುಡುಗಿಯೊಬ್ಬಳ ಮೈಯನ್ನು ತಂಪುಗೊಳಿಸಿ, ಹೃದಯದ ಮೇಲಣ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿದ್ದ ಹುಟ್ಟುರಂಧ್ರವನ್ನು ಆರು ನಿಮಿಷಗಳೊಳಗಾಗಿ ಮುಚ್ಚಿದರು.

ಎರಡನೆಯ ಪರಿಹಾರವು ಯಂತ್ರ. ಜಾನ್ ಗಿಬ್ಬನ್ ಅವರು ತರುಣರಾಗಿದ್ದಾಗ, 1930-31ರ ಸುಮಾರಿನಲ್ಲಿ, ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ನಾಳಕ್ಕೆ ರಕ್ತದ ಗರಣೆ ಅಡ್ಡವಾಗಿ ಸಾಯುತ್ತಿದ್ದ ಸ್ತ್ರೀಯೊಬ್ಬಳ ಬಳಿಯಲ್ಲಿ ರಾತ್ರಿಯೆಲ್ಲ ಕಾವಲಿದ್ದರು. ಅವಳ ಕಪ್ಪಿಟ್ಟ ರಕ್ತವನ್ನು ಹೊರಕ್ಕೆ ತೆಗೆದು ಪ್ರಾಣವಾಯುವನ್ನು ಕೂಡಿಸಿ ಮರಳಿ ಒಳಕ್ಕೆ ಬಿಡುವಂತಿದ್ದರೆ ಅವಳು ಉಳಿಯುತ್ತಿದ್ದಳಲ್ಲವೆ ಎಂಬ ಯೋಚನೆಯು ಅಲ್ಲಿ ಹುಟ್ಟಿ, ಪತ್ನಿ ಮೇರಿ ಅವರ ಸಹಾಯದಿಂದ ಇಪ್ಪತ್ತು ವರ್ಷಗಳಿಗೂ ಮಿಕ್ಕು ನಡೆದ ಪ್ರಯೋಗಗಳಿಗೆ ಮೂಲವಾಯಿತು. 1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ ಹದಿನೆಂಟು ವರ್ಷದ ತರುಣಿಯೊಬ್ಬಳ ರಕ್ತಸಂಚಾರದ ಪೂರ್ಣ ಭಾರವನ್ನು ಅವರ ಯಂತ್ರವು 26 ನಿಮಿಷಗಳ ಕಾಲ ಹೊತ್ತಿತು. ಆದರೆ ಅದೇ ವರ್ಷದ ಬೇಸಗೆಯಲ್ಲಿ ಮುಂದಿನ ರೋಗಿಗಳು ತೀರಿಕೊಂಡದ್ದರಿಂದ ಗಿಬ್ಬನ್ ಅವರು ಮನನೊಂದು ಆ ಕೆಲಸವನ್ನು ಕೈಬಿಟ್ಟರು, ಪುನಃ ತೊಡಗಲಿಲ್ಲ. ದಿನದ ಚರಿತ್ರೆಯನ್ನು ಮಾತ್ರ ನೋಡುವವರಿಗೆ ಇದು ಒಂದು ಜಯ, ಹಲವು ಸೋಲು. ಆಯುಸ್ಸಿನ ಚರಿತ್ರೆಯಲ್ಲಿ ಇದರ ಬೆಲೆಯೇ ಬೇರೆ. ಗಿಬ್ಬನ್ ಅವರು 1973ರಲ್ಲಿ ಹೃದಯಾಘಾತದಿಂದಲೇ ನಿಧನರಾದರು. ಅವರ ಆ ರೋಗಿಯು 2000ದ ವರೆಗೆ, ಎಂದರೆ ಮತ್ತೆ ನಲವತ್ತೇಳು ವರ್ಷ, ಬದುಕಿದ್ದಳು.

ಮೂರನೆಯ ಪರಿಹಾರವನ್ನು ಕೇಳಿದವರು ಇಂದಿಗೂ ಬೆಚ್ಚುವರು. ಮಿನೆಸೋಟದವರೇ ಆದ ವಾಲ್ಟನ್ ಲಿಲ್ಲೆಹೈ ಅವರು 1954ರ ಮಾರ್ಚ್ 26ರಿಂದ ಮೊದಲುಗೊಂಡು, ಮಗುವಿನ ರಕ್ತನಾಳಗಳನ್ನು ತಂದೆಯ ಅಥವಾ ತಾಯಿಯ ರಕ್ತನಾಳಗಳಿಗೆ ಕೊಳವೆಗಳ ಮೂಲಕ ಜೋಡಿಸಿ, ಹಿರಿಯರ ಹೃದಯ ಶ್ವಾಸಕೋಶಗಳಿಂದಲೇ ಮಗುವಿನ ಪ್ರಾಣವನ್ನು ಹಿಡಿದಿಟ್ಟುಕೊಂಡು ಶಸ್ತ್ರಕ್ರಿಯೆ ನಡೆಸಿದರು. ಒಂದು ಶಸ್ತ್ರಕ್ರಿಯೆಯಲ್ಲಿ ಎರಡು ಸಾವು ಸಂಭವಿಸಬಹುದಾದ ಏಕೈಕ ವಿಧಾನವಿದೆಂದು ಟೀಕಾಕಾರರು ಆಡಿಕೊಂಡರು. ಹಿರಿಯರಲ್ಲಿ ಯಾರೂ ಸಾಯಲಿಲ್ಲವಾದರೂ ಒಬ್ಬ ತಾಯಿಗೆ ಮೆದುಳಿನ ತೀವ್ರ ಹಾನಿಯಾಯಿತೆಂಬುದನ್ನು ಮರೆಯಬಾರದು. ಮೊದಲನೆಯ ಮಗು ಹನ್ನೊಂದು ದಿನ ಬದುಕಿ ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡಿತು. ಸುಶ್ರುತನ ಏಳು ರಾತ್ರಿಗಳಿಗೆ ನಾಲ್ಕನ್ನು ಕೂಡಿಸಿದಷ್ಟೇ ಅದರ ಲಾಭ. ಒಟ್ಟು 45 ಮಂದಿಯಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದವರು 28 ಮಂದಿ. ಮೂವತ್ತು ವರ್ಷಗಳ ಅನಂತರ ವಿಚಾರಿಸಿದಾಗ ಇವರಲ್ಲಿ 22 ಮಂದಿ ಬದುಕಿದ್ದರು. ಆಸ್ಪತ್ರೆಯೊಳಗೆ ಹದಿನೇಳು ಮರಣ, ಹೊರಗೆ ಮೂವತ್ತು ವರ್ಷಗಳಲ್ಲಿ ಆರು: ಈ ಎರಡು ಅಂಕಗಳ ನಡುವಣ ಅಂತರದಲ್ಲಿ, ಬಾಗಿಲನ್ನು ದಾಟಿದವರ ಪಾಲಿಗೆ ಎಷ್ಟು ದೊಡ್ಡ ಬದುಕು ಕಾದಿತ್ತೆಂಬುದು ಮೊದಲಬಾರಿಗೆ ಸ್ಪಷ್ಟವಾಯಿತು.

1955ರ ಮಾರ್ಚ್ 22ರಂದು ಮೇಯೋ ಕ್ಲಿನಿಕ್ಕಿನಲ್ಲಿ ಜಾನ್ ಕರ್ಕ್ಲಿನ್ ಅವರು ಗಿಬ್ಬನ್ ಯಂತ್ರವನ್ನು ಸುಧಾರಿಸಿ ಬಳಸಲಾರಂಭಿಸಿದರು. ಮೊದಲ ಎಂಟು ಮಂದಿಯಲ್ಲಿ ನಾಲ್ವರು ಉಳಿದರು. ಅಲ್ಲಿಂದ ಮುಂದೆ ಯಂತ್ರವು ದೇಶದೇಶಗಳಿಗೆ ಹಬ್ಬಿ, 1960ರ ದಶಕದ ಆದಿಯಲ್ಲಿ ಮುಂಬಯಿ, ವೆಲ್ಲೂರುಗಳಲ್ಲಿಯೂ ನೆಲೆಗೊಂಡಿತು.

ಇಷ್ಟರಲ್ಲಿ ಎಣಿಕೆಯ ತೊಡಕೊಂದು ತಲೆದೋರಿತು. ಒಬ್ಬ ರೋಗಿಗೆ ಶಸ್ತ್ರಕ್ರಿಯೆಯಾಗಿ ಹತ್ತು ವರ್ಷ ಕಳೆದಿರುವಾಗ ಇನ್ನೊಬ್ಬನಿಗೆ ಎರಡೇ ವರ್ಷ ಕಳೆದಿರುತ್ತದೆ. ಮೂರನೆಯವನು ಊರು ಬಿಟ್ಟು ಹೋಗಿ ಅವನ ಸುದ್ದಿಯೇ ಸಿಕ್ಕದಿರುತ್ತದೆ. ಇವರನ್ನೆಲ್ಲ ಒಂದೇ ಸರಾಸರಿಯಲ್ಲಿ ಸೇರಿಸಿದರೆ ಲೆಕ್ಕವು ಸುಳ್ಳಾಗುವುದು, ಬಿಟ್ಟುಬಿಟ್ಟರೆ ಇನ್ನೂ ಸುಳ್ಳಾಗುವುದು. 1958ರಲ್ಲಿ ಎಡ್ವರ್ಡ್ ಕಪ್ಲನ್ ಮತ್ತು ಪಾಲ್ ಮೈಯರ್ ಎಂಬ ಗಣಿತಜ್ಞರು, ಪ್ರತಿಯೊಬ್ಬನನ್ನೂ ಅವನು ಕಣ್ಣಿಗೆ ಕಾಣುತ್ತಿದ್ದಷ್ಟು ಕಾಲ ಮಾತ್ರ ಎಣಿಕೆಯಲ್ಲಿಟ್ಟುಕೊಂಡು ಬದುಕಿರುವ ಸಂಭವವನ್ನು ಮೆಟ್ಟಿಲುಮೆಟ್ಟಿಲಾಗಿ ಗುಣಿಸುತ್ತ ಹೋಗುವ ಕ್ರಮವನ್ನು ಪ್ರಕಟಿಸಿದರು. ಇಂದಿನ ಆಯುರ್ಗಣನೆಯು ಬಹುಮಟ್ಟಿಗೆ ಈ ಕ್ರಮವನ್ನೇ ಆಶ್ರಯಿಸಿದೆ. ಶಸ್ತ್ರವೈದ್ಯದ ಚರಿತ್ರೆಗಳಲ್ಲಿ ಈ ಇಬ್ಬರ ಹೆಸರು ಯಂತ್ರಕಾರರ ಹೆಸರುಗಳ ಸಾಲಿನಲ್ಲಿ ಕಾಣದಿರುವುದು ನ್ಯಾಯವಲ್ಲ.

ದೀರ್ಘಕಾಲದ ಲೆಕ್ಕಗಳಲ್ಲಿ ಅತ್ಯಂತ ಬೋಧಪ್ರದವಾದುದು ಮೇಯೋ ಕ್ಲಿನಿಕ್ಕಿನಿಂದ 1990ರಲ್ಲಿ ಬಂದಿತು. 1956ರಿಂದ 1960ರ ವರೆಗೆ ಮೇಲಣ ಕೋಣೆಗಳ ನಡುವಿನ ರಂಧ್ರವನ್ನು ಮುಚ್ಚಿಸಿಕೊಂಡಿದ್ದ 123 ಮಂದಿಯನ್ನು ವೈದ್ಯರು ಹುಡುಕಿ ಹಿಡಿದು, ಅವರ ಆಯುಸ್ಸನ್ನು ಅದೇ ವಯಸ್ಸಿನ ಸಾಮಾನ್ಯ ಜನರ ಆಯುಸ್ಸಿನೊಡನೆ ಹೋಲಿಸಿದರು. ಶಸ್ತ್ರಕ್ರಿಯೆಯ ಸಮಯದ ಅಪಾಯವನ್ನು ದಾಟಿದವರಲ್ಲಿ ಮೂವತ್ತು ವರ್ಷ ಬದುಕಿದವರು ಶೇಕಡ 74. ಸಾಮಾನ್ಯರಲ್ಲಿ ಶೇಕಡ 85. ಈ ಒಂದು ಅಂಕವನ್ನು ಮಾತ್ರ ಓದಿ ನಿಲ್ಲಿಸಿದರೆ ರಂಧ್ರವನ್ನು ಮುಚ್ಚಿದರೂ ಆಯುಸ್ಸು ಕೊಂಚ ಕುಂದಿಯೇ ಇರುವುದೆಂದು ತೋರುತ್ತದೆ. ಶಸ್ತ್ರಕ್ರಿಯೆಯಾದಾಗಿನ ವಯಸ್ಸನ್ನು ಅನುಸರಿಸಿ ಪಟ್ಟಿಯನ್ನು ಒಡೆದು ನೋಡಿದಾಗ ಚಿತ್ರವು ಬೇರೆಯಾಗುತ್ತದೆ. ಹನ್ನೊಂದು ವರ್ಷದೊಳಗೆ ಶಸ್ತ್ರಕ್ರಿಯೆಯಾದವರಲ್ಲಿ 27 ವರ್ಷಗಳ ಅನಂತರ ಶೇಕಡ 97 ಮಂದಿ ಬದುಕಿದ್ದರು. 12ರಿಂದ 24ರೊಳಗಿನವರಲ್ಲಿ 93. 25ರಿಂದ 41ರೊಳಗಿನವರಲ್ಲಿ 84. ಅದನ್ನು ಮೀರಿದವರಲ್ಲಿ ಕೇವಲ 40. ಕೊನೆಯ ಗುಂಪಿನವರು ವಯಸ್ಸಾದವರೇ ಆದುದರಿಂದ ಅವರಿಗೆ ಶೇಕಡ 97ರ ನಿರೀಕ್ಷೆ ಸಲ್ಲದು. ಅದೇ ವಯಸ್ಸಿನ ಆರೋಗ್ಯವಂತರಲ್ಲಿಯೂ ಶೇಕಡ 59 ಮಂದಿಯೇ ಅಷ್ಟು ಕಾಲ ಉಳಿಯಬೇಕಾಗಿತ್ತು. ಆದರೂ ಈ ಎರಡರ ಅಂತರವು ದೊಡ್ಡದು.

ನಾಲ್ಕು ಗುಂಪುಗಳಿಗೂ ಆದ ಶಸ್ತ್ರಕ್ರಿಯೆ ಒಂದೇ. ಯಂತ್ರ ಒಂದೇ, ಆಸ್ಪತ್ರೆ ಒಂದೇ, ಕಾಲವೂ ಒಂದೇ. ಭೇದವಿರುವುದು ರಂಧ್ರವು ಎಷ್ಟು ವರ್ಷ ತೆರೆದಿತ್ತೆಂಬುದರಲ್ಲಿ. ಶುದ್ಧರಕ್ತವು ಎಡಗಡೆಯಿಂದ ಬಲಗಡೆಗೆ ಹರಿಯುತ್ತಿರುವಷ್ಟು ಕಾಲವೂ ಬಲಭಾಗದ ಕೋಣೆಗಳು ಹಿಗ್ಗುತ್ತ, ಶ್ವಾಸಕೋಶದ ನಾಳಗಳು ಒತ್ತಡದಿಂದ ಗಡಸಾಗುತ್ತ ಹೋಗುತ್ತವೆ. ಹಿಗ್ಗಿದ ಕೋಣೆಯ ಮಿಡಿತವು ಲಯ ತಪ್ಪುತ್ತದೆ. ಲಯ ತಪ್ಪಿದಲ್ಲಿ ರಕ್ತವು ಗರಣೆಗಟ್ಟಿ ಮೆದುಳಿಗೆ ಹಾರುತ್ತದೆ. ರಂಧ್ರವನ್ನು ಹೊಲಿದವನು ಈ ಹಿಗ್ಗನ್ನೂ ಗಡಸನ್ನೂ ಹೊಲಿಯಲಾರನು.

ಕವಾಟಗಳ ವಿಷಯವು ಇದಕ್ಕಿಂತ ಭಿನ್ನವಾದುದು. ಇಲ್ಲಿ ಕೆಟ್ಟುದನ್ನು ಸರಿಪಡಿಸುವುದಕ್ಕೆ ಬದಲಾಗಿ ಹೊಸದೊಂದು ವಸ್ತುವನ್ನೇ ದೇಹದೊಳಗೆ ಇಡಬೇಕಾಗುತ್ತದೆ. 1960ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯರೂ ಲೊವೆಲ್ ಎಡ್ವರ್ಡ್ಸ್ ಎಂಬ ವೃದ್ಧ ಎಂಜಿನಿಯರರೂ ಸೇರಿ, ಲೋಹದ ಪಂಜರದಲ್ಲಿ ಚೆಂಡೊಂದು ಮೇಲೆ ಕೆಳಗೆ ಆಡುವಂತಹ ಕವಾಟವನ್ನು ಸಿದ್ಧಪಡಿಸಿದರು. ಅದನ್ನು ಧರಿಸಿದ ಮೊದಲ ರೋಗಿಯು ಕೆಲವೇ ಗಂಟೆಗಳಲ್ಲಿ ಗತಿಸಿದಳು. ಎರಡನೆಯವನು ಐವತ್ತೆರಡು ವರ್ಷದವನು. ಅವನು ಸುಮಾರು ಹತ್ತು ವರ್ಷ ಬಾಳಿ, ಮನೆಗೆ ಬಣ್ಣ ಬಳಿಯುತ್ತಿರುವಾಗ ಏಣಿಯಿಂದ ಬಿದ್ದು ಸತ್ತನು. ಏಣಿಯನ್ನೇರಿ ಗೋಡೆಗೆ ಬಣ್ಣ ಬಳಿಯುವಷ್ಟು ಕಸುವು ಅವನಿಗೆ ಮರಳಿತ್ತೆಂಬ ಸಂಗತಿಯನ್ನು ಯಾವ ಆಯುರ್ಗಣನೆಯ ಪಟ್ಟಿಯೂ ತಿಳಿಸುವುದಿಲ್ಲ. ಪಟ್ಟಿಯಲ್ಲಿ ಅವನೂ ಒಂದು ಮರಣವೇ.

ಲೋಹದ ಕವಾಟಕ್ಕೆ ಒಂದು ನಿತ್ಯದ ತೆರಿಗೆಯುಂಟು. ಅದರ ಮೇಲೆ ರಕ್ತವು ಗರಣೆಗಟ್ಟದಂತೆ ಜೀವಮಾನವಿಡೀ ವಾರ್ಫರಿನ್ ಮೊದಲಾದ ಔಷಧವನ್ನು ಸೇವಿಸಬೇಕು. ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಕವಾಟವೇ ಸಿಕ್ಕಿಕೊಳ್ಳುವ ಭಯ. ಪ್ರಾಣಿಗಳ ಅಂಗಾಂಶದಿಂದ ಮಾಡಿದ ಕವಾಟಕ್ಕೆ ಈ ತೆರಿಗೆಯಿಲ್ಲದಿದ್ದರೂ ಅದು ಸವೆಯುತ್ತದೆ, ಅದರಲ್ಲಿಯೂ ಎಳೆಯರಲ್ಲಿ ಬೇಗ ಸವೆಯುತ್ತದೆ. ಭಾರತದಲ್ಲಿ ಕವಾಟಗಳನ್ನು ಕೆಡಿಸುವ ಮುಖ್ಯ ರೋಗವು ಬಾಲ್ಯದ ಗಂಟಲುಬೇನೆಯಿಂದ ಹುಟ್ಟುವ ಸಂಧಿವಾತಜ್ವರವಾದುದರಿಂದ ಇಲ್ಲಿಯ ರೋಗಿಗಳು ತರುಣರು, ಬಹುಮಂದಿ ಬಡವರು. ಹೊರದೇಶದ ಕವಾಟದ ಬೆಲೆ ಅವರಿಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ದೇಶೀಯ ಕವಾಟವೊಂದರ ನಿರ್ಮಾಣಕ್ಕೆ ಪ್ರಯತ್ನಗಳು ನಡೆದು, ಒಂದಾದಮೇಲೊಂದು ಮಾದರಿ ವಿಫಲವಾಗಿ, ನಾಲ್ಕನೆಯದು 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆಯನ್ನು ಸೇರಿತು. ವಲಿಯತ್ತಾನ್ ಅವರು ಮುಂದೆ ಮಣಿಪಾಲದ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾಗಿ, ಅಲ್ಲಿ ನೆಲಸಿ ಚರಕ ಸುಶ್ರುತ ವಾಗ್ಭಟರನ್ನು ಕುರಿತು ಗ್ರಂಥಗಳನ್ನು ರಚಿಸಿ, 2024ರಲ್ಲಿ ಮಣಿಪಾಲದಲ್ಲಿಯೇ ಕಾಲವಾದರು.

ಹೃದಯದ ಸ್ನಾಯುವಿಗೆ ಅನ್ನವನ್ನೊಯ್ಯುವ ಧಮನಿಗಳು ಕಟ್ಟಿಕೊಂಡಾಗ ಮಾಡುವ ಬೈಪಾಸ್ ಶಸ್ತ್ರಕ್ರಿಯೆಯು 1967ರಲ್ಲಿ ಕ್ಲೀವ್‌ಲೆಂಡಿನ ರೆನೆ ಫವಲೋರೋ ಅವರಿಂದ ಪ್ರಚಾರಕ್ಕೆ ಬಂದಿತು. ಕಾಲಿನ ಸಿರೆಯೊಂದನ್ನು ತೆಗೆದು ಕಟ್ಟಿದ ಭಾಗದ ಆಚೆಗೆ ಜೋಡಿಸಿದಾಗ ಎದೆನೋವು ಮಾಯವಾಗುವುದನ್ನು ಎಲ್ಲರೂ ಕಂಡರು. ನೋವು ಹೋದೊಡನೆ ಆಯುಸ್ಸು ಬೆಳೆಯಿತೆಂದು ಹೇಳಬಹುದೆ ಎಂಬ ವಾದವು ಮಾತ್ರ ಎರಡು ದಶಕಗಳ ಕಾಲ ನಡೆಯಿತು. ಅಮೆರಿಕ ಯೂರೋಪುಗಳಲ್ಲಿ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆಯನ್ನೂ ಇನ್ನೊಂದಕ್ಕೆ ಔಷಧವನ್ನೂ ಕೊಟ್ಟು ಕಾದುನೋಡಿದ ಏಳು ಪರೀಕ್ಷೆಗಳ 2,649 ರೋಗಿಗಳನ್ನು ಒಟ್ಟುಗೂಡಿಸಿ 1994ರಲ್ಲಿ ಸಲೀಂ ಯೂಸುಫ್ ಮತ್ತು ಸಂಗಡಿಗರು ತೀರ್ಪನ್ನು ಪ್ರಕಟಿಸಿದರು. ಯೂಸುಫ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರೆಂಬುದು ಇಲ್ಲಿ ಸ್ಮರಣೀಯ. ಐದು ವರ್ಷಗಳಲ್ಲಿ ಶಸ್ತ್ರಕ್ರಿಯೆಯ ಪಂಗಡದವರು ಶೇಕಡ 10.2, ಔಷಧದವರು 15.8 ಮೃತರಾಗಿದ್ದರು, ಹತ್ತು ವರ್ಷಗಳಲ್ಲಿ 26.4 ಮತ್ತು 30.5. ಹತ್ತು ವರ್ಷಗಳ ಅವಧಿಯಲ್ಲಿ ಶಸ್ತ್ರಕ್ರಿಯೆಯಿಂದ ದೊರೆತ ಆಯುರ್ವೃದ್ಧಿ ಸರಾಸರಿ 4.3 ತಿಂಗಳು.

ನಾಲ್ಕು ತಿಂಗಳಿಗಾಗಿ ಎದೆಯನ್ನು ಸೀಳಿಸಿಕೊಳ್ಳಬೇಕೆ ಎಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪವು ಅಂಕದ ಅಪಾರ್ಥದಿಂದ ಹುಟ್ಟಿದುದು. ಇದು ಹತ್ತೇ ವರ್ಷಗಳ ಚೌಕಟ್ಟಿನೊಳಗೆ ಎಲ್ಲರ ಮೇಲೂ ಹಂಚಿದ ಲಾಭ. ಹೇಗಿದ್ದರೂ ಬದುಕುತ್ತಿದ್ದವರು ಸೊನ್ನೆಯನ್ನು ಪಡೆದರೆ, ಸಾವಿನಿಂದ ತಪ್ಪಿಸಿಕೊಂಡವರು ಹಲವು ವರ್ಷಗಳನ್ನು ಪಡೆದಿರುತ್ತಾರೆ. ಇದಲ್ಲದೆ ಔಷಧದ ಪಂಗಡದವರಲ್ಲಿ ಹತ್ತು ವರ್ಷ ಮುಗಿಯುವುದರೊಳಗೆ ಶೇಕಡ 41 ಮಂದಿ ತಾವೂ ಶಸ್ತ್ರಕ್ರಿಯೆಗೆ ಒಳಗಾಗಿದ್ದುದರಿಂದ ಎರಡು ಪಂಗಡಗಳ ಅಂತರವು ತಾನಾಗಿಯೇ ಕಿರಿದಾಯಿತು. ಎಡಗಡೆಯ ಮೂಲಧಮನಿಯೇ ಕಟ್ಟಿಕೊಂಡಿದ್ದವರಿಗೆ ಅದೇ ಲೆಕ್ಕದಲ್ಲಿ ಲಾಭವು ಹತ್ತೊಂಬತ್ತು ತಿಂಗಳಿಗೂ ಮಿಕ್ಕಿತು. ಜೋಡಿಸುವ ನಾಳವೂ ಮುಖ್ಯವೆಂಬುದು 1986ರಲ್ಲಿಯೇ ಕ್ಲೀವ್‌ಲೆಂಡಿನಿಂದ ತಿಳಿದುಬಂದಿತ್ತು. ಕಾಲಿನ ಸಿರೆಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷಗಳಲ್ಲಿ ಮುಚ್ಚಿಹೋಗುತ್ತಿದ್ದುವು. ಎದೆಗೋಡೆಯ ಒಳಗಣ ಧಮನಿಯನ್ನು ಬಳಸಿದಲ್ಲಿ, ಮೂರು ಧಮನಿಗಳೂ ಕೆಟ್ಟಿದ್ದ ರೋಗಿಗಳಲ್ಲಿ ಹತ್ತು ವರ್ಷ ಬದುಕಿದವರು ಶೇಕಡ 82.6, ಸಿರೆಗಳನ್ನು ಮಾತ್ರ ಬಳಸಿದಲ್ಲಿ 71.

ಚೇತರಿಕೆಯ ಚರಿತ್ರೆಯು ಆಯುಸ್ಸಿನ ಚರಿತ್ರೆಗಿಂತಲೂ ಅಸ್ಪಷ್ಟವಾಗಿದೆ, ಏಕೆಂದರೆ ಸಾವಿನಂತೆ ಅದಕ್ಕೆ ನಿಶ್ಚಿತವಾದ ತಾರೀಖಿಲ್ಲ. ಸೀಳಿದ ಎದೆಯ ಮೂಳೆಯು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕೆಂಬುದು ಮಾತ್ರ ಖಚಿತ. ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುವ ಹಳೆಯ ಪದ್ಧತಿಯನ್ನು 1952ರಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅವರು ಕುರ್ಚಿಯಲ್ಲಿ ಕುಳ್ಳಿರಿಸುವ ಮೂಲಕ ಅಲುಗಿಸಿದರು. ಅದರ ಫಲವು ಕ್ರಮೇಣ ಶಸ್ತ್ರಕ್ರಿಯೆಯಾದವರಿಗೂ ಒದಗಿ, ಈಗ ರೋಗಿಯನ್ನು ಮರುದಿನವೇ ಎಬ್ಬಿಸಿ ಕೂರಿಸುವುದು ವಾಡಿಕೆಯಾಗಿದೆ. ಮನಸ್ಸಿನ ಸ್ಥಿತಿಗೆ ಮೊದಲು ಗಮನವಿತ್ತವರಲ್ಲಿ ಮೇಲೆ ಹೇಳಿದ ಸ್ಟಾರ್ ಅವರೂ ಒಬ್ಬರು. ಹೃದಯವನ್ನು ತೆರೆಸಿಕೊಂಡವರಲ್ಲಿ ಕೆಲವರು ಕೆಲವು ದಿನಗಳ ಮೇಲೆ ಇಲ್ಲದ್ದನ್ನು ಕಾಣುತ್ತ, ಸ್ಥಳಕಾಲಗಳ ಪರಿವೆಯಿಲ್ಲದೆ ಭ್ರಮಿಸುವುದನ್ನು ಅವರೂ ಮನೋವೈದ್ಯ ಬ್ಲಾಕ್ಲಿ ಅವರೂ 1964ರಲ್ಲಿ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೈಪಾಸ್ ಆದವರ ಪೈಕಿ ಶೇಕಡ 53 ಮಂದಿಯಲ್ಲಿ ಮನೆಗೆ ಹೊರಡುವಾಗ ಸ್ಮೃತಿ ಏಕಾಗ್ರತೆಗಳು ಕುಂದಿದ್ದುವು. ಆರು ತಿಂಗಳಲ್ಲಿ ಅದು 24ಕ್ಕೆ ಇಳಿದು, ಐದು ವರ್ಷಗಳಲ್ಲಿ ಮತ್ತೆ 42ಕ್ಕೆ ಏರಿತು. ಇದಕ್ಕೆಲ್ಲ ಯಂತ್ರವೇ ಕಾರಣವೆಂಬ ಮೊದಲಿನ ಊಹೆಯು ನಿಲ್ಲಲಿಲ್ಲ. ಶಸ್ತ್ರಕ್ರಿಯೆಯಿಲ್ಲದ ಹೃದ್ರೋಗಿಗಳಲ್ಲಿಯೂ ಕಾಲಾಂತರದಲ್ಲಿ ಇಂತಹದೇ ಇಳಿತವು ಕಂಡುಬಂದುದರಿಂದ, ಕೊನೆಯ ಏರಿಕೆಗೆ ರಕ್ತನಾಳಗಳ ರೋಗವೇ ಹೊಣೆಯೆಂಬ ಮತವು ಬಲವಾಯಿತು. ವಿಷಾದವು ಇದಕ್ಕಿಂತ ಗಂಭೀರವಾದುದು. 2003ರಲ್ಲಿ ಬೆಳಕು ಕಂಡ 817 ಬೈಪಾಸ್ ರೋಗಿಗಳ ಅಧ್ಯಯನದಲ್ಲಿ, ತೀವ್ರತರ ವಿಷಾದದಲ್ಲಿದ್ದವರ ಮರಣಭಯವು ಇತರರದಕ್ಕಿಂತ ಇಮ್ಮಡಿಯನ್ನು ಮೀರಿತ್ತು.

ಮಕ್ಕಳ ವಿಷಯಕ್ಕೆ ಮರಳಿದರೆ, ಉಳಿದುಹೋದುದರ ಪ್ರಭಾವಕ್ಕೆ ನಿದರ್ಶನವು ದೊರೆಯುತ್ತದೆ. ಕೆಳಗಣ ಕೋಣೆಗಳ ನಡುವೆ ರಂಧ್ರವಿದ್ದು ಶ್ವಾಸಕೋಶಕ್ಕೆ ಹೋಗುವ ದಾರಿಯೂ ಇಕ್ಕಟ್ಟಾಗಿರುವ, ಮಗುವಿನ ತುಟಿ ಬೆರಳುಗಳು ನೀಲಿಗಟ್ಟುವ ಫ್ಯಾಲೋ ರೋಗವನ್ನು 1954ರ ಆಗಸ್ಟಿನಲ್ಲಿ ಲಿಲ್ಲೆಹೈ ಅವರು ಮೊದಲು ಸರಿಪಡಿಸಿದರು. ಅದಕ್ಕಾಗಿ 1955ರಿಂದ 1960ರ ವರೆಗೆ ಮೇಯೋದಲ್ಲಿ ಶಸ್ತ್ರಕ್ರಿಯೆಯಾಗಿ ಉಳಿದ 163 ಮಂದಿಯಲ್ಲಿ ಮೂವತ್ತೆರಡು ವರ್ಷ ಬದುಕಿದವರು ಶೇಕಡ 86, ಸಾಮಾನ್ಯರಲ್ಲಿ 96 ಎಂದು 1993ರ ವರದಿಯು ತಿಳಿಸಿತು. ನೀಲಿಬಣ್ಣ ಹೋಗಿ ಮಕ್ಕಳು ಆಡಿ ಓಡಿ ಬೆಳೆದರು. ಇವರು ಪೂರ್ಣವಾಗಿ ಗುಣಹೊಂದಿದರೆಂದೇ ವೈದ್ಯರು ಬಹುಕಾಲ ನಂಬಿದ್ದರು. ಇಕ್ಕಟ್ಟಾದ ದಾರಿಯನ್ನು ಅಗಲಿಸುವಾಗ ಅಲ್ಲಿಯ ಕವಾಟವು ಅನೇಕರಲ್ಲಿ ಸೋರುವಂತಾಗಿತ್ತು. ಎಳೆಯ ಹೃದಯವು ಆ ಸೋರಿಕೆಯನ್ನು ಇಪ್ಪತ್ತು ಮೂವತ್ತು ವರ್ಷ ತಾಳಿಕೊಂಡು, ಬಳಿಕ ಬಲಗಡೆಯ ಕೋಣೆ ಹಿಗ್ಗಿ, ಮಿಡಿತದ ಲಯ ತಪ್ಪಿ, ಕೆಲವರು ಹಠಾತ್ತನೆ ಸತ್ತರು. ಹೊಸ ಕವಾಟವನ್ನು ಯಾವ ಹಂತದಲ್ಲಿ ಇಡಬೇಕೆಂಬ ವಿಚಾರವು ಅನಂತರ ಬೆಳೆದು, ಎರಡನೆಯ ಶಸ್ತ್ರಕ್ರಿಯೆಯು ಇಂಥವರ ಬಾಳಿನಲ್ಲಿ ನಿರೀಕ್ಷಿತವಾದ ಸಂಗತಿಯೇ ಆಯಿತು.

ಆದರೆ ಅವರು ಯಾರ ಬಳಿಗೆ ಹೋಗಬೇಕು? ಮಕ್ಕಳ ವೈದ್ಯರ ಕೊಠಡಿಯಲ್ಲಿ ಮೀಸೆ ಬಂದವರು ಕಾಯುತ್ತಿದ್ದರು. ದೊಡ್ಡವರ ಹೃದ್ರೋಗವೈದ್ಯರು ಇಂತಹ ಹೃದಯವನ್ನು ಕಂಡೇ ಇರಲಿಲ್ಲ. ಲಂಡನ್ನಿನ ನ್ಯಾಷನಲ್ ಹಾರ್ಟ್ ಆಸ್ಪತ್ರೆಯಲ್ಲಿ ಜೇನ್ ಸಾಮರ್‌ವಿಲ್ ಎಂಬ ವೈದ್ಯೆಯು 1975ರಲ್ಲಿ ಇವರಿಗೆಂದೇ ಪ್ರತ್ಯೇಕವಾದ ವಾರ್ಡನ್ನು ತೆರೆಯಿಸಿ, ಹುಟ್ಟುರೋಗದೊಡನೆ ಬೆಳೆದವರೆಂಬ ಅರ್ಥದ ಹೆಸರನ್ನು ಈ ಹೊಸ ಜನಕ್ಕೆ ಇಟ್ಟರು. 2010ರ ವೇಳೆಗೆ ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಹೃದಯದ ಹುಟ್ಟುದೋಷವುಳ್ಳವರನ್ನು ಎಣಿಸಿದಾಗ, ಮೂವರಲ್ಲಿ ಇಬ್ಬರು ಪ್ರಾಯಕ್ಕೆ ಬಂದವರಾಗಿದ್ದರು.